ಬ್ರಹ್ಮಸ್ಥಾನದಲ್ಲಿ ಬಿಯಾರಿಟ್ಜ್

ಇಂಗ್ಲೆಂಡಿನ ನಟ್ಟನಡುವಿನ ಟಿವಿಡೇಲ್‌ನಿಂದ ಯಾವ ದಿಕ್ಕಿಗೆ ಕಾರು ಓಡಿಸಿದರೂ ಸಮುದ್ರ ಕಾಣುವ ಹೊತ್ತಿಗೆ ಹಿಂದಿನ ಸೀಟಿನ ಮಕ್ಕಳು ಎರಡು ಸಲ ಜಗಳವಾಡಿ ಒಂದು ಸಲ ವಾಂತಿ ಮಾಡಿಕೊಂಡಿರುತ್ತಾರೆ. ಸಮುದ್ರಕ್ಕೆ ಇಷ್ಟು ದೂರವಿರುವ ಊರಿನಲ್ಲಿ ಕಡಲತೀರದ ಗಾಲ್ಫ್ ಮೈದಾನವೊಂದು ಹುಟ್ಟಿಕೊಂಡಿತು ಎಂದರೆ ಯಾರೂ ನಂಬುವುದಿಲ್ಲ. ಆದರೆ ಅದು ಹುಟ್ಟಿದ್ದು ಬಾಲಾಜಿಯ ದೇವಸ್ಥಾನದಲ್ಲಿ, ಪುಳಿಯೋಗರೆಯ ತಟ್ಟೆಯ ಮುಂದೆ. ಹಾಗಾಗಿ ನಂಬದೆ ವಿಧಿಯಿಲ್ಲ.

ಎರಡು ಸಾವಿರದ ಹದಿನಾಲ್ಕರ ಏಪ್ರಿಲ್ ತಿಂಗಳು. ತಟ್ಟೆಯ ಈ ಕಡೆ ಹಯವದನ. ಬರ್ಮಿಂಗ್‌ಹ್ಯಾಮ್‌ನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಚರಂಡಿ ವಿಭಾಗದವನು. ಆ ಕಡೆ ರಾಜಶೇಖರ. ಶೆಫೀಲ್ಡ್‌ನ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು, ಹಯವದನನ ಹೆಂಡತಿಯ ಅಕ್ಕನ ಗಂಡ, ಅಂದರೆ ಷಡ್ಡಕ. ಯಾವ ಇಬ್ಬರು ಗಂಡಸರೂ ತಾವಾಗಿ ಆರಿಸಿಕೊಳ್ಳದ ಸಂಬಂಧ ಅದು. ಒಬ್ಬನೇ ಮಾವನ ಮನೆಯ ಒಂದೇ ಸೋಫಾದ ಎರಡು ತುದಿಗಳು. ನಡುವೆ ಪೇಪರು ಓದುವ ಮಾವ. ಹಯವದನ ಸ್ಕೋಡಾ ಕೊಂಡ ವರ್ಷ ರಾಜಶೇಖರ ಮರ್ಸಿಡಿಸ್ ಕೊಂಡಿದ್ದ. ಹಯವದನ ಹಳೆಯ ಬಾಯ್ಲರ್ ಬದಲಾಯಿಸಿ ಎರಡು ದಿನ ಸಂತೋಷವಾಗಿದ್ದ. ಮೂರನೆಯ ದಿನ ರಾಜಶೇಖರ ಮನೆಯನ್ನೇ ಬದಲಾಯಿಸಿದ. ಈಗ ಹೊಸದಾಗಿ ಗಾಲ್ಫ್ ಶುರುವಾಗಿತ್ತು. ದೇವಸ್ಥಾನಕ್ಕೆ ಬಂದಾಗಲೂ ಪ್ಯಾಂಟಿನ ಹಿಂದಿನ ಜೇಬಿನಿಂದ ಬಿಳಿಯ ಗ್ಲೌಸೊಂದು ಪ್ರದಕ್ಷಿಣೆಯುದ್ದಕ್ಕೂ ಎಲ್ಲರಿಗೂ ಕೈ ಬೀಸುತ್ತಿತ್ತು.

ರಾಜಶೇಖರ ತನ್ನ ಕ್ಲಬ್ಬಿನ ಹುಲ್ಲಿನ ಬಗ್ಗೆ, ಕ್ಯಾಪ್ಟನ್ನಿನ ಬಗ್ಗೆ, ಕ್ಯಾಪ್ಟನ್ನಿನ ನಾಯಿಯ ಬಗ್ಗೆ ಹೇಳಿ ಮುಗಿಸಿ, ಕೊನೆಗೆ ಷಡ್ಡಕನ ಮೇಲೆ ಕರುಣೆ ತೋರಿಸಿದ.

"ನೀನೂ ಆಡ್ಬೇಕು ಹಯವದನ, ಮನಸ್ಸಿಗೆ ಒಳ್ಳೇದು. ಆದ್ರೆ ಮೆಂಬರ್‌ಶಿಪ್ ಸಿಗೋದು ಕಷ್ಟ, ಬಿಡು."

ಮುಂದಿನ ಎಲ್ಲ ಅನಾಹುತಕ್ಕೂ ಆ 'ಬಿಡು' ಕಾರಣ. ಹಯವದನ ಗೋಡಂಬಿಯೊಂದನ್ನು ಶಾಂತವಾಗಿ ಅಗಿದು ಹೇಳಿದ:

"ಆಡೋಕೆ ಎಲ್ಲಿ ಟೈಮು ಭಾವ, ನಾನು ಡಿಸೈನ್ ಮಾಡ್ತಾ ಇದೀನಲ್ಲ."

ಇದು ಸುಳ್ಳಲ್ಲ. ಲಿಂಕನ್‌ಶೈರ್‌ನ ಕಡಲತೀರದಲ್ಲಿ, ಮಾರ್ಬಿ ಎಂಬ ಹಳ್ಳಿಯ ಮರಳುದಿಬ್ಬಗಳ ನಡುವೆ, ಪಿಕರಿಂಗ್ ಎಂಬ ಹೆಸರಾಂತ ವಿನ್ಯಾಸಕಾರ ಒಂದು ಗಾಲ್ಫ್ ಕೋರ್ಸ್ ಕಟ್ಟಿಸುತ್ತಿದ್ದ. ಅದರ ಕಾರ್ ಪಾರ್ಕ್, ರಸ್ತೆ ಮತ್ತು ಚರಂಡಿಯ ಕೆಲಸ ಹಯವದನನ ಕಂಪನಿಗೆ ಸಿಕ್ಕಿತ್ತು. ಅದರಲ್ಲಿ ಒಂಬತ್ತನೆಯ ಗುಂಡಿಯ ಪಕ್ಕದ ಟಾಯ್ಲೆಟ್ ಮತ್ತು ಅದರ ಪಿಟ್ಟು ಹಯವದನನ ಪಾಲಿಗೆ ಬಂದಿದ್ದವು. ಟಾಯ್ಲೆಟ್ ಗಾಲ್ಫ್ ಕೋರ್ಸಿನ ಭಾಗವಲ್ಲ ಎನ್ನುವವರು ಎಂಟು ಗುಂಡಿ ಆಡಿ ಒಂಬತ್ತಕ್ಕೆ ಬಂದವರನ್ನು ಕೇಳಿ ನೋಡಲಿ.

ರಾಜಶೇಖರನ ಹೆಂಡತಿ ರಜನಿಯ ತುತ್ತು ಅರ್ಧದಾರಿಯಲ್ಲಿ ನಿಂತಿತು. ಹಯವದನನ ಹೆಂಡತಿ ಶೋಭಾ ಗಂಡನನ್ನು ನೋಡಿದಳು, ಅಕ್ಕನನ್ನು ನೋಡಿದಳು, ಮತ್ತೆ ತಟ್ಟೆಗೆ ಕೈ ಹಾಕಿದಳು. ರಾಜಶೇಖರ ಮಾತ್ರ ಪರೀಕ್ಷೆ ಶುರುಮಾಡಿದ. ಎಂಥ ಕೋರ್ಸು? ಲಿಂಕ್ಸ್, ಸಮುದ್ರದ ಪಕ್ಕ, ಮರಗಿಡ ಇಲ್ಲ, ಬರೀ ಮರಳು, ಹುಲ್ಲು, ಗಾಳಿ. ಹೊಸ ಥರದ್ದೋ ಕ್ಲಾಸಿಕ್ಕೋ? ಪೂರ್ತಿ ಕ್ಲಾಸಿಕ್, ಎಲ್ಲ ಟೆಂಪ್ಲೇಟು. ರೆಡಾನ್ ಅನ್ನೋ ಹೆಸರಾಂತ ಗುಂಡಿ ಇದೆಯಾ? ನಾಲ್ಕನೇದು. ಬಿಯಾರಿಟ್ಜ್? ಹನ್ನೊಂದು. ಎಲ್ಲಕ್ಕೂ ಉತ್ತರ ಸರಿ. ಟಾಯ್ಲೆಟ್ಟಿನ ನಕ್ಷೆ ಬರೆಯುವವನ ಮುಂದೆ ಇಡೀ ಮೈದಾನದ ನಕ್ಷೆ ಇದ್ದೇ ಇರುತ್ತದೆ. ಬೇಸರವಾದಾಗ ಹಯವದನ ಅದನ್ನೇ ಓದುತ್ತಿದ್ದ.

ಆಗ ಮಾವ ವಿಶ್ವೇಶ್ವರ ತಲೆ ಎತ್ತಿದರು. ಪಿಡಬ್ಲ್ಯುಡಿಯಲ್ಲಿ ಎಕ್ಸಿಕ್ಯುಟಿವ್ ಎಂಜಿನಿಯರ್ ಆಗಿ ನಿವೃತ್ತರಾದವರು. ಈಗ ಕಿರಿಯ ಮಗಳ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಹೀಥ್ರೂನಿಂದ ಬರುವ ದಾರಿಯಲ್ಲೇ ಮೋಟರ್‌ವೇಯ ಸೇತುವೆಗಳನ್ನು ಪರಿಶೀಲಿಸಿ, ಪರವಾಗಿಲ್ಲ ಎಂದು ಒಪ್ಪಿಗೆ ಕೊಟ್ಟಿದ್ದರು. ಟೆಂಪ್ಲೇಟು ಎಂದರೇನು ಎಂದು ಅವರು ಕೇಳಿದರು. ಹಯವದನನಿಗೆ ದೇವರೇ ಉತ್ತರ ಹೊಳೆಸಿದ.

"ಈ ದೇವಸ್ಥಾನಾನೇ ತಗೊಳಿ ಮಾವ. ತಿರುಪತೀನ ಮನಸ್ಸಲ್ಲಿಟ್ಕೊಂಡು ಇಲ್ಲಿ ಕಟ್ಟಿದಾರೆ. ತಿರುಪತಿಗೆ ಹೋಗೋಕಾಗ್ದೋರು ಇಲ್ಲಿ ಕೈ ಮುಗೀತಾರೆ. ಹಾಗೇ ಸ್ಕಾಟ್ಲೆಂಡಲ್ಲಿ ಒಂದು ಫೇಮಸ್ ಗುಂಡಿ ಇದೆ ಅಂದ್ರೆ, ಅದೇ ಥರದ್ದನ್ನ ನಾವು ಇಲ್ಲಿ ತೋಡ್ತೀವಿ."

ವಿಶ್ವೇಶ್ವರ ಕೊನೆಯ ತುತ್ತು ಮುಗಿಸಿದರು. "ಸರ್ವೀಸ್ ಪೂರ್ತಿ ನಾನು ಗುಂಡಿ ಮುಚ್ಚಿದೆ ಅಳಿಯಂದಿರೇ. ನೀವು ಸಂಬಳ ತಗೊಂಡು ತೋಡ್ತಾ ಇದೀರಿ." ಆಮೇಲೆ ಕೈ ತೊಳೆಯಲು ಎದ್ದವರು ತಿರುಗಿ ನಿಂತು ಸೇರಿಸಿದರು: "ಡ್ರಾಯಿಂಗ್ ತನ್ನಿ, ನೋಡೋಣ."

ದೇವಸ್ಥಾನದ ಕಾರ್ ಪಾರ್ಕ್ ದಾಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಕನ್ನಡ ಸಂಘದ ಕಾರ್ಯದರ್ಶಿ ಶ್ರೀರಂಗ ಫೋನ್ ಮಾಡಿ, ಹದಿನೆಂಟು ಗುಂಡಿಯಲ್ಲಿ ಒಂದೆರಡನ್ನು ರಾಜ್ಯೋತ್ಸವದ ದಿನ ಬಿಟ್ಟುಕೊಡಲು ಸಾಧ್ಯವೇ, ಸ್ಟೇಜು ನಾವೇ ತರುತ್ತೇವೆ ಎಂದ. ಲಫ್‌ಬರೋದ ವಿದ್ಯಾರ್ಥಿಯೊಬ್ಬ ತನ್ನ ಬಯೋಡೇಟಾ ಕಳಿಸಿದ. ಪಕ್ಕದ ಮನೆಯ ಮಿಸೆಸ್ ಡಾಯ್ಲ್ ತಮ್ಮ ಹಿತ್ತಲ ಹುಲ್ಲು ಯಾವಾಗಲೂ ಕೆಸರಾಗಿರುತ್ತದೆ, ಗಾಲ್ಫಿನವರ ಕಣ್ಣಿಗೆ ಏನಾದರೂ ಕಾಣಬಹುದೇ ಎಂದು ಕೇಳಿದರು. ಹಯವದನ ಬೇಲಿಯ ಬುಡದಲ್ಲಿ ಒಂದು ತೂತಿನ ಪೈಪು ಹೂಳಿಸಲು ಹೇಳಿದ. ಅವನಿಗೆ ಬರುತ್ತಿದ್ದದ್ದು ಅದೊಂದೇ. ಹದಿನೈದು ದಿನದಲ್ಲಿ ಹಿತ್ತಲು ಒಣಗಿತು. ಓಲ್ಡ್‌ಬರಿಯ ಅವನ ಮನೆಯ ಬೀದಿಯಲ್ಲಿ ಹಯವದನ ಗಾಲ್ಫ್ ಮೈದಾನಗಳ ವಿನ್ಯಾಸಕಾರ ಎಂಬುದರ ಬಗ್ಗೆ ಅಂದಿನಿಂದ ಅಪಸ್ವರವೇ ಉಳಿಯಲಿಲ್ಲ.

ಮಾವ ಮಾತ್ರ ದಿನಾ ಬೆಳಿಗ್ಗೆ ಕಾಫಿಯ ಜೊತೆ ಡ್ರಾಯಿಂಗ್ ಕೇಳುತ್ತಿದ್ದರು. ಹಯವದನ ನಾಳೆ ಎನ್ನುತ್ತಿದ್ದ. ನಾಳೆ ಎಂಬ ಮಾತಿನ ಒಳಹೊರಗನ್ನೆಲ್ಲ ಸರ್ಕಾರಿ ನೌಕರಿಯಲ್ಲಿ ಅರೆದು ಕುಡಿದಿದ್ದ ವಿಶ್ವೇಶ್ವರರ ಮುಂದೆ ಅದು ಹೆಚ್ಚು ದಿನ ನಡೆಯಲಿಲ್ಲ. ಕೊನೆಗೆ ಒಂದು ಸಂಜೆ ಅಡುಗೆಮನೆಯಲ್ಲಿ ಅವನು ಹೆಂಡತಿಯ ಮುಂದೆ ಬಾಯಿಬಿಟ್ಟ. ಶೋಭಾ ಒಗ್ಗರಣೆ ಸೌಟಿನಿಂದ ಕಣ್ಣೆತ್ತಲಿಲ್ಲ.

"ನಿಮ್ಮ ಟಾಯ್ಲೆಟ್ ವಿಷ್ಯ ನಂಗೊತ್ತು ರೀ. ಬಟ್ಟೆ ಒಗೆಯೋಕೆ ಹಾಕುವಾಗ ನಿಮ್ಮ ಜೇಬಲ್ಲಿ ಬರೀ ಕಮೋಡಿನ ಬ್ರೋಶರ್ರೇ ಸಿಗುತ್ತೆ. ಆದ್ರೆ ಅಕ್ಕನ ಮುಂದೆ ನೀವು ಗಾಲ್ಫ್ ಡಿಸೈನರ್ರು. ಅದು ಈಗ ನಿಮ್ಮ ಕೈಲಿಲ್ಲ. ಡ್ರಾಯಿಂಗ್ ತಂದು ತೋರ್ಸಿ."

ತಂದ. ಊಟದ ಮೇಜಿನ ತುಂಬ ಹರಡುವಷ್ಟು ದೊಡ್ಡ ಹಾಳೆ. ಬಲಗಡೆ ಸಮುದ್ರ, ಎಡಗಡೆ ರಸ್ತೆ, ನಡುವೆ ಹದಿನೆಂಟು ಗುಂಡಿ. ನಾಲ್ಕು ಮೂಲೆಗೆ ಉಪ್ಪಿನಕಾಯಿ ಬಾಟಲಿ ಇಟ್ಟು, ಮಾವನಿಗೆ ಒಪ್ಪಿಸಿ ಮರುದಿನ ಆಫೀಸಿಗೆ ಹೋದ.

ವಿಶ್ವೇಶ್ವರ ಸ್ನಾನ ಮುಗಿಸಿ, ಸ್ವೆಟರ್ ಹಾಕಿಕೊಂಡು, ಎರಡು ವಸ್ತುಗಳೊಂದಿಗೆ ಕುಳಿತರು: ಸ್ವೆಟರಿನ ಜೇಬಿನಲ್ಲಿ ಸದಾ ಇರುತ್ತಿದ್ದ ದಿಕ್ಸೂಚಿ ಮತ್ತು ಇಲಾಖೆಯಿಂದ ನಿವೃತ್ತರಾಗುವಾಗ ಜೊತೆಗೆ ನಿವೃತ್ತವಾದ ಕೆಂಪು ಪೆನ್ಸಿಲ್. ಪೂರ್ವಕ್ಕೆ ಸಮುದ್ರ: ಉತ್ತಮ. ನೈಋತ್ಯದಲ್ಲಿ ಎತ್ತರದ ದಿಬ್ಬ, ಅದರ ಹೆಸರು ಆಲ್ಪ್ಸ್: ಅತ್ಯುತ್ತಮ. ಈ ಪಿಕರಿಂಗ್ ಎಂಬ ದೊರೆಗೆ ವಾಸ್ತು ಗೊತ್ತಿದೆ ಎಂದು ಅವರಿಗೆ ಗೌರವವೇ ಮೂಡಿತು. ಕರ್ಣರೇಖೆಗಳನ್ನು ಎಳೆದು ಇಡೀ ನಿವೇಶನದ ನಡುಮಧ್ಯ ಹುಡುಕಿದರು. ಅದು ಸರಿಯಾಗಿ ಹನ್ನೊಂದನೆಯ ಗುಂಡಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸಿನ ಮೇಲೆ ಬಿತ್ತು. ಆ ಹುಲ್ಲುಹಾಸಿನ ಮಧ್ಯೆ ಆಳಿನ ಅರ್ಧದಷ್ಟು ಆಳದ ಹಳ್ಳ.

ಬಿಯಾರಿಟ್ಜ್ ಎಂದರೇ ಅದು. ಆ ಹೆಸರಿನ ಫ್ರೆಂಚ್ ಊರಿನಲ್ಲಿ ಹಿಂದೊಮ್ಮೆ ಇದ್ದ ಗುಂಡಿಯ ಹೆಸರು ಹೊತ್ತು ಬಂದ ಟೆಂಪ್ಲೇಟು. ಹುಲ್ಲುಹಾಸನ್ನು ಅಡ್ಡಡ್ಡ ಸೀಳುವ ಹಳ್ಳವೇ ಅದರ ಪ್ರಾಣ. ಪಿಕರಿಂಗ್‌ನ ಇಡೀ ಮೈದಾನದ ಹೆಮ್ಮೆ. ಆದರೆ ವಿಶ್ವೇಶ್ವರರಿಗೆ ಕಂಡದ್ದು ಬೇರೆ. ಒಂದು, ಬ್ರಹ್ಮಸ್ಥಾನದಲ್ಲಿ ಹಳ್ಳ. ಮನೆಯಾಗಲಿ ಮೈದಾನವಾಗಲಿ, ಯಜಮಾನ ಉದ್ಧಾರವಾಗುವುದಿಲ್ಲ. ಎರಡು, ಯಾವನೋ ಕಂಟ್ರಾಕ್ಟರ್ ಮಣ್ಣಿಗೆ ಸರಿಯಾಗಿ ದಮ್ಮಸು ಹಾಕದೆ ಬಿಲ್ ಪಾಸು ಮಾಡಿಸಿಕೊಂಡಿದ್ದಾನೆ. ಕೆಂಪು ಪೆನ್ಸಿಲ್ ತಾನಾಗಿ ಎದ್ದು ಬರೆಯಿತು: 'ಡಿಪ್ರೆಷನ್ ಟು ಬಿ ಫಿಲ್ಡ್ ಅಪ್ ಅಂಡ್ ಡ್ರೆಸ್ಡ್ ಟು ಲೆವೆಲ್. ರಿಪೋರ್ಟ್ ಕಂಪ್ಲಯನ್ಸ್.' ಅಂದರೆ, ಹಳ್ಳ ಮುಚ್ಚಿ ಮಟ್ಟ ಮಾಡಿ, ಮಾಡಿದ್ದನ್ನು ವರದಿ ಮಾಡಿ. ಅದರ ಕೆಳಗೆ ಸಹಿ. ಬಯಲುಸೀಮೆಯ ರಸ್ತೆಗಳೆಲ್ಲ ಅಂಜುತ್ತಿದ್ದ ಸಹಿ ಅದು. ಹದಿನೇಳನೆಯ ಗುಂಡಿಯ ಬಳಿ ಶುರುವಾಗಿ ಸಮುದ್ರದಲ್ಲಿ ಮುಗಿಯಿತು.

ಸಂಜೆ ಅಳಿಯನಿಗೆ ಅವರು ಹೇಳಿದ್ದು 'ಪರವಾಗಿಲ್ಲ' ಎಂಬ ಒಂದೇ ಮಾತು. ಸಹಿ ಹಾಕಿದ ಫೈಲಿನ ಬಗ್ಗೆ ಮತ್ತೆ ಮಾತಾಡುವುದು ಅವರ ಅಭ್ಯಾಸವಲ್ಲ. ಮೋಟರ್‌ವೇಗೆ ಸಿಕ್ಕ ಸರ್ಟಿಫಿಕೇಟೇ ತನಗೂ ಸಿಕ್ಕಿತೆಂದು ಹಯವದನ ಹಿಗ್ಗಿ, ಹಾಳೆಯನ್ನು ಬಿಡಿಸಿ ನೋಡದೆ ಸುತ್ತಿಟ್ಟ. ಮರುದಿನ ಮಾರ್ಬಿಗೆ ಹೋದಾಗ ಸೈಟಿನ ಮೇಸ್ತ್ರಿ ಬ್ಯಾರಿ, ತನ್ನ ನಕ್ಷೆಯ ಮೇಲೆ ಚಹಾ ಚೆಲ್ಲಿ ಏಳು ಗುಂಡಿ ಕಾಣುತ್ತಿಲ್ಲ ಎಂದು ಗೋಳಾಡುತ್ತಿದ್ದ. ಹಯವದನ ಉದಾರವಾಗಿ ತನ್ನದನ್ನು ಕೊಟ್ಟುಬಂದ.

ಈ ದೇಶದ ಕಟ್ಟೋಣದಲ್ಲಿ ನಕ್ಷೆಯ ಮೇಲೆ ಕೆಂಪು ಎಂದರೆ ಬದಲಾವಣೆ, ಸಹಿ ಎಂದರೆ ಒಪ್ಪಿಗೆ. ಬ್ಯಾರಿ ಲೀಡ್ಸ್‌ನವನು, ಮೂವರು ವಿನ್ಯಾಸಕಾರರ ಕೈಕೆಳಗೆ ದುಡಿದವನು. ಅವರೆಲ್ಲ ಇರುವೆ ನಡೆದಂತೆ ಸಹಿ ಮಾಡುತ್ತಿದ್ದರು. ಇಷ್ಟು ಜೋರಾಗಿ ಸಹಿ ಹಾಕುವ ಧೈರ್ಯ ಕೌನ್ಸಿಲ್‌ನವರಿಗಲ್ಲದೆ ಬೇರಾರಿಗೂ ಇಲ್ಲ ಎಂದು ಅವನು ತೀರ್ಮಾನಿಸಿ, ಕೌನ್ಸಿಲ್ ಜೊತೆ ಯಾಕೆ ಜಗಳ ಎಂದು ಆ ವಾರವೇ ಹಳ್ಳಕ್ಕೆ ಮರಳು ಸುರಿಸಿ, ಮೇಲೆ ಹುಲ್ಲು ಹಾಸಿಸಿಬಿಟ್ಟ.

ಜುಲೈ ಮೊದಲಲ್ಲಿ ಟಾಯ್ಲೆಟ್ಟಿನ ಟೈಲ್ಸ್ ನೋಡಲು ಹೋದ ಹಯವದನನಿಗೆ ಹನ್ನೊಂದನೆಯ ಗುಂಡಿಯ ಹುಲ್ಲುಹಾಸು ಇಸ್ತ್ರಿ ಹಾಕಿದ ಪಂಚೆಯಂತೆ ಚಪ್ಪಟೆಯಾಗಿ ಕಂಡಿತು. ಬ್ಯಾರಿ ಹೆಮ್ಮೆಯಿಂದ ನಕ್ಷೆ ಬಿಚ್ಚಿ ತೋರಿಸಿದ. ಆ ಸಹಿಯನ್ನು ಹಯವದನ ತನ್ನ ಮದುವೆಯ ಲಗ್ನಪತ್ರಿಕೆಯ ಮೇಲೆ ನೋಡಿದ್ದ. ಅಂದಿನಂತೆಯೇ ಈಗಲೂ ಅದನ್ನು ಎರಡೆರಡು ಸಲ ಓದಿದ.

ಆಗಸ್ಟ್ ಮೊದಲ ಶನಿವಾರ ಪಿಕರಿಂಗ್ ಬಂದು ಮೈದಾನ ಒಪ್ಪಿಕೊಳ್ಳುವವನಿದ್ದ. ಅವನ ಹಳ್ಳ ಮುಚ್ಚಿಹೋಗಿದ್ದು ಕಂಡರೆ ಮೊದಲು ಹಯವದನನ ನೌಕರಿ ಹೋಗುತ್ತಿತ್ತು. ಅದಕ್ಕಿಂತ ಭಯಂಕರವಾದದ್ದು ಇನ್ನೊಂದಿತ್ತು. ರಾಜಶೇಖರ ತಾನೇ ಮಾರ್ಬಿಗೆ ಫೋನ್ ಮಾಡಿ, ನಿಮ್ಮ ವಿನ್ಯಾಸಕಾರರ ಷಡ್ಡಕ ಎಂದು ಪರಿಚಯ ಹೇಳಿಕೊಂಡು, ಅದೇ ಶನಿವಾರ ಇಡೀ ಸಂಸಾರದೊಂದಿಗೆ ಬರಲು ಅನುಮತಿ ಪಡೆದಿದ್ದ. ಷಡ್ಡಕ ಎಂಬ ಸಂಬಂಧಕ್ಕೆ ಇಂಗ್ಲಿಷಿನಲ್ಲಿ ಪದವಿಲ್ಲದಿರುವುದರಿಂದ ಅದನ್ನು ಅವನು ವಿವರಿಸಿ ಮುಗಿಸುವಷ್ಟರಲ್ಲಿ ಆಚೆಯವರು ಹೂಂ ಅಂದಿರಬೇಕು. ನೌಕರಿ ಹೋದರೆ ಇನ್ನೊಂದು ಹುಡುಕಬಹುದು. ರಾಜಶೇಖರನ ಕಣ್ಣೆದುರಲ್ಲೇ ಹೋದರೆ ಉಳಿದ ಜನ್ಮವೆಲ್ಲ ಆ ಸೋಫಾದ ತುದಿಯಲ್ಲಿ ಕೂರುವುದು ಹೇಗೆ?

ಹಳ್ಳ ಮತ್ತೆ ತೋಡು ಎಂದು ಹಯವದನ ಬ್ಯಾರಿಯನ್ನು ಬೇಡಿಕೊಂಡ. ಬ್ಯಾರಿ ಒಪ್ಪಲಿಲ್ಲ. ಕೌನ್ಸಿಲ್ ಮುಚ್ಚು ಎಂದದ್ದನ್ನು ತೋಡಬೇಕಾದರೆ ಕೌನ್ಸಿಲ್ಲೇ ತೋಡು ಎನ್ನಬೇಕು, ಬರವಣಿಗೆಯಲ್ಲಿ, ಇದೇ ಕೆಂಪಿನಲ್ಲಿ, ಇದೇ ಸಹಿಯೊಂದಿಗೆ.

ಹಯವದನ ಓಲ್ಡ್‌ಬರಿಗೆ ಮರಳಿ ಮಾವನ ಮುಂದೆ ನಕ್ಷೆಯ ಇನ್ನೊಂದು ಹಾಳೆ ಹಿಡಿದು ನಿಂತ. ಹಳ್ಳ ಮುಚ್ಚಿದ್ದಾರೆ ಎಂದು ಆರಂಭಿಸಿದ. ಮುಂದೆ ಹೇಳಲು ಆಗಲಿಲ್ಲ, ಏಕೆಂದರೆ ವಿಶ್ವೇಶ್ವರ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಆಗ್ಲೇ ಮುಚ್ಚಿಬಿಟ್ರಾ? ಬರೆದು ಇನ್ನೂ ಎರಡು ತಿಂಗಳಾಗಿಲ್ಲ. ನನ್ನ ಸರ್ವೀಸಲ್ಲಿ ಎಷ್ಟು ಸಲ ಬರ್ದಿದೀನಿ ಹೀಗೆ, ರಿಪೋರ್ಟ್ ಕಂಪ್ಲಯನ್ಸ್ ಅಂತ. ಒಬ್ಬನೂ ರಿಪೋರ್ಟ್ ಮಾಡಿರ್ಲಿಲ್ಲ ಅಳಿಯಂದಿರೇ. ನೀವೇ ಮೊದಲ್ನೇವ್ರು."

ಆ ದಿನ ರಾತ್ರಿಯ ಊಟಕ್ಕೆ ಅವರು ಎರಡು ಸಲ ಸಾರು ಬಡಿಸಿಕೊಂಡರು. ಹಯವದನ ಹಾಳೆಯನ್ನು ಮತ್ತೆ ಸುತ್ತಿ ಸ್ಕೋಡಾದ ಡಿಕ್ಕಿಗೆ ಹಾಕಿದ. ಕೊನೆಯ ಉಪಾಯವಾಗಿ ಆ ಶನಿವಾರ ತನಗೆ ಜ್ವರ ಬರುವಂತಿದೆ ಎಂದು ಹೆಂಡತಿಗೆ ಹೇಳಿದ. ಭಾವ ಡಾಕ್ಟರ್ರು, ದಾರೀಲೇ ನೋಡ್ತಾರೆ ಎಂದಳು ಶೋಭಾ.

ಇಂಗ್ಲೆಂಡಿನ ಬೇಸಿಗೆಯಾದ್ದರಿಂದ ಜುಲೈ ಪೂರ್ತಿ ಮಳೆ ಸುರಿಯಿತು.

ಶನಿವಾರ ಬಾಡಿಗೆಯ ಮಿನಿಬಸ್ಸು ಮಾರ್ಬಿಯಲ್ಲಿ ನಿಂತಾಗ ಬಿಸಿಲಿತ್ತು. ಬುತ್ತಿಯಲ್ಲಿ ಪುಳಿಯೋಗರೆ, ಮೊಸರನ್ನ, ಎರಡು ಫ್ಲಾಸ್ಕ್ ಕಾಫಿ. ರಾಜಶೇಖರ ಚೌಕುಳಿ ಪ್ಯಾಂಟು ಹಾಕಿದ್ದ. ಗ್ಲೌಸು ಕೊನೆಗೂ ಜೇಬಿನಿಂದ ಕೈಗೆ ಬಂದಿತ್ತು. ರಜನಿ ಗಾಳಿಗೆ ಸೀರೆ ಹಿಡಿದುಕೊಂಡು, ಇದೆಲ್ಲ ಹಯವದನಂದೇ ಏನೇ ಶೋಭಾ ಎಂದು ದಿಬ್ಬದಿಂದ ದಿಬ್ಬಕ್ಕೆ ಕೇಳುತ್ತ ನಡೆದಳು. ಸಮುದ್ರ ಒಂದನ್ನು ಬಿಟ್ಟು ಎಂದಳು ಶೋಭಾ.

ಪಿಕರಿಂಗ್ ಉದ್ದನೆಯ ಮನುಷ್ಯ, ಮೂವತ್ತು ವರ್ಷ ಹಳೆಯ ಟೋಪಿ. ಗುಂಡಿಯಿಂದ ಗುಂಡಿಗೆ ಮಾತಿಲ್ಲದೆ ತಲೆಯಾಡಿಸುತ್ತ ಬಂದ. ಹಿಂದೆ ಬ್ಯಾರಿ, ಇಂಥ ದಿನ ಬೇಕಾಗುತ್ತದೆಂದು ಸಹಿಯ ನಕ್ಷೆಯನ್ನು ಕಂಕುಳಲ್ಲಿಟ್ಟುಕೊಂಡಿದ್ದ. ಹಯವದನ ಎಲ್ಲರಿಗಿಂತ ಹಿಂದೆ. ರಾಜೀನಾಮೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಳ್ಳುತ್ತಿದ್ದ. 'ವಿತ್ ಡೀಪ್ ರಿಗ್ರೆಟ್' ತನಕ ಬಂದಿತ್ತು. ಹನ್ನೊಂದನೆಯ ಗುಂಡಿಯ ದಿಬ್ಬ ಹತ್ತಿದ ಪಿಕರಿಂಗ್ ಅಲ್ಲೇ ನಿಂತ. ಟೋಪಿ ತೆಗೆದ. ಆಮೇಲೆ ಮೊಣಕಾಲೂರಿ ಕುಳಿತ.

ಹಯವದನ ಕಣ್ಣು ಮುಚ್ಚಿ ತೆರೆದ. ಹಳ್ಳ ಅಲ್ಲೇ ಇತ್ತು.

ಬ್ಯಾರಿ ಮರಳು ಸುರಿಸಿದ್ದ, ಆದರೆ ಹುಲ್ಲುಹಾಸಿನ ಮೇಲೆ ರೋಲರ್ ಓಡಿಸಬಾರದೆಂಬ ನಿಯಮ ಇದ್ದುದರಿಂದ ಒತ್ತಿಸಿರಲಿಲ್ಲ. ಒಂದು ತಿಂಗಳ ಮಳೆ ಕುಡಿದ ಮರಳು ತನ್ನಷ್ಟಕ್ಕೆ ಕೂತಿತ್ತು. ಮೇಲಿನ ಹುಲ್ಲನ್ನೂ ಕರೆದುಕೊಂಡು ಕೂತಿತ್ತು. ಒಂದು ಕಡೆ ತುಸು ಆಳ, ಇನ್ನೊಂದು ಕಡೆ ಇಳಿಜಾರು, ಅಂಚೆಲ್ಲ ಮೃದು. ತಾನು ಬರೆದದ್ದು ಚರಂಡಿಯಂತಿತ್ತು ಎಂದು ಪಿಕರಿಂಗ್ ಒಪ್ಪಿಕೊಂಡ. ಇದು ಸಮುದ್ರದ ಗಾಳಿ ನೂರು ವರ್ಷ ಕೆತ್ತಿದಂತಿದೆ, ಇದನ್ನು ಮಾಡಿದವರು ಯಾರು ಎಂದು ಕೇಳಿದ.

ಷಡ್ಡಕನ ಕಣ್ಣು, ಹೆಂಡತಿಯ ಕಣ್ಣು, ರಜನಿಯ ಕಣ್ಣು ಎಲ್ಲ ಹಯವದನನ ಮೇಲೆ. ಏಪ್ರಿಲ್‌ನಿಂದ ಅವನು ಕಾದಿದ್ದ ಕ್ಷಣ ಇದೇ. ಅವನು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ಬ್ಯಾರಿ ನಕ್ಷೆ ಬಿಚ್ಚಿ, ಕೌನ್ಸಿಲ್‌ನ ಆದೇಶ ಎಂದು ಸಹಿ ತೋರಿಸಿದ.

"ಮೈನ್," ಎಂದರು ವಿಶ್ವೇಶ್ವರ, ಮುಂದೆ ಬಂದು.

ಅವರ ಮುಖದಲ್ಲಿ ಸಂತೋಷ ಇರಲಿಲ್ಲ. ಬ್ರಹ್ಮಸ್ಥಾನದ ಹಳ್ಳ ಮತ್ತೆ ಬಾಯಿ ತೆರೆದು ಮಲಗಿತ್ತು. ಊರುಗೋಲಿನಿಂದ ಅದರ ಅಂಚನ್ನು ಕುಕ್ಕಿ, ಇಲಾಖೆಯ ಇಂಗ್ಲಿಷಿನಲ್ಲಿ ಅವರು ಪಿಕರಿಂಗ್‌ಗೆ ವಿವರಿಸಿದರು: ಇದನ್ನು ತುಂಬಿಸಿದ್ದಾರೆ, ಆದರೆ ಒತ್ತಿಲ್ಲ, ಒತ್ತದಿದ್ದರೆ ನೆಲ ತನಗೆ ತೋಚಿದಂತೆ ಕೂರುತ್ತದೆ. ಅವರ ಪ್ರಕಾರ ಇದು ಆರೋಪಪಟ್ಟಿ. ಪಿಕರಿಂಗ್‌ಗೆ ಅದು ಉಪದೇಶವಾಗಿ ಕೇಳಿಸಿತು. ತುಂಬಿಸಿ, ಒತ್ತಬೇಡಿ, ನೆಲಕ್ಕೆ ತೋಚಿದಂತೆ ಕೂರಲು ಬಿಡಿ: ಅವನು ಅದನ್ನು ಮೆಲ್ಲಗೆ ಮತ್ತೊಮ್ಮೆ ಹೇಳಿಕೊಂಡು, ಇಷ್ಟು ತಾಳ್ಮೆ ತನ್ನ ಕಸುಬಿನವರಲ್ಲಿ ಯಾರಿಗೂ ಇಲ್ಲ ಎಂದು ವಿಶ್ವೇಶ್ವರರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಈ ಗುಂಡಿಗೆ ಆ ಸಹಿಯನ್ನೇ ಹೆಸರಾಗಿ ಕೆತ್ತಿಸುವುದಾಗಿ ಮಾತು ಕೊಟ್ಟ. ಕಲ್ಲು ಮಾತ್ರ ದೊಡ್ಡದು ಬೇಕಾಗುತ್ತದೆ ಎಂದ ಬ್ಯಾರಿ.

ರಾಜಶೇಖರ ಅಷ್ಟರಲ್ಲಿ ಮಾವನ ಭುಜಕ್ಕೆ ಭುಜ ಸೇರಿಸಿ ಫೋನು ಎತ್ತಿ ಹಿಡಿದಿದ್ದ. "ಹೀ ಈಸ್ ಮೈ ಫಾದರ್ ಇನ್ ಲಾ," ಎಂದು ಪಿಕರಿಂಗ್‌ಗೆ ತಿಳಿಸಿ, ಹಿಂದೆ ತಿರುಗಿ, "ಹಯವದನ, ಸ್ವಲ್ಪ ಪಕ್ಕಕ್ಕೆ ಬಾ, ಫೋಟೋದಲ್ಲಿ ನೀನು ಅಡ್ಡ ಬರ್ತೀಯ," ಎಂದ.

ಷಡ್ಡಕತನದ ಲೆಕ್ಕಾಚಾರವೇ ಹೀಗೆ. ಕಾರು, ಮನೆ, ಬಾಯ್ಲರ್ ಬೇರೆ ಬೇರೆ ಇರಬಹುದು. ಮಾವ ಮಾತ್ರ ಜಂಟಿ ಆಸ್ತಿ. ಹಯವದನ ನಾಲ್ಕು ತಿಂಗಳು ಬೆವರು ಸುರಿಸಿ ಕಾಪಾಡಿದ ಗಾಲ್ಫ್ ಕೋರ್ಸು ಒಂದು ಫೋಟೋದಲ್ಲಿ ಭಾಗವಾಗಿಹೋಯಿತು. ಹಿರಿಯ ಅಳಿಯ ಎಂಬ ಕಾರಣಕ್ಕೆ ರಾಜಶೇಖರನಿಗೆ ತುಸು ದೊಡ್ಡ ಭಾಗವೇ ಸಿಕ್ಕಿತು.

ಆಮೇಲೆ ರಾಜಶೇಖರ ಆಡಿ ತೋರಿಸಿದ. ಮೊದಲ ಹೊಡೆತಕ್ಕೆ ಚೆಂಡು ಹಳ್ಳಕ್ಕೆ ಬಿತ್ತು. ಎರಡನೆಯದಕ್ಕೆ ಆ ಅಂಚು ಹತ್ತಿ ನೋಡಿ ಇಳಿಯಿತು. ಮೂರನೆಯದಕ್ಕೆ ಈ ಅಂಚು. ಅವನು ಚೆಂಡಿನ ಮೇಲೆ ಬಗ್ಗಿದಾಗಲೆಲ್ಲ ಹಳ್ಳದೊಳಗಿಂದ ಟೋಪಿ ಮಾತ್ರ ಕಾಣುತ್ತಿತ್ತು. ಮಾವ ಪ್ರತಿ ಹೊಡೆತಕ್ಕೂ, ನಾನು ಹೇಳಿರ್ಲಿಲ್ವಾ, ಬ್ರಹ್ಮಸ್ಥಾನ ಎನ್ನುತ್ತಿದ್ದರು. ಶೋಭಾ ಎರಡನೆಯ ಫ್ಲಾಸ್ಕ್ ತೆರೆದಳು. ಅಷ್ಟು ಕಾಫಿ, ಅಷ್ಟು ಗಾಳಿ, ಅಷ್ಟು ಹೊಡೆತಗಳಾದ ಮೇಲೆ ಹಳ್ಳದಿಂದ ಹೊರಬಂದ ರಾಜಶೇಖರ ಷಡ್ಡಕನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಏನೋ ವಿಚಾರಿಸಿದ.

ಹಯವದನನ ಬೆನ್ನು ತಾನಾಗಿ ನೆಟ್ಟಗಾಯಿತು. ದೂರದ ಮೂಲೆಯಲ್ಲಿ, ಒಂಬತ್ತನೆಯ ಗುಂಡಿಯ ಪಕ್ಕ, ಬಿಳಿಯ ಗೋಡೆಯ ಪುಟ್ಟ ಕಟ್ಟಡದತ್ತ ಕೈ ತೋರಿಸಿದ.

"ಅಲ್ಲಿ ಭಾವ. ಅದು ನಂದೇ ಡಿಸೈನು."

ರಾಜಶೇಖರ ಅತ್ತ ಓಡಿದ. ಮರಳುವಾಗ ನಿಧಾನವಾಗಿ ಬಂದ. ಮುಖದಲ್ಲಿ ಬೆಳಿಗ್ಗೆಯಿಂದ ಕಾಣದಿದ್ದ ಶಾಂತಿಯಿತ್ತು.

"ಹಯವದನ, ನಿಜ ಹೇಳ್ತೀನಿ. ವಾಸನೆ ಇಲ್ಲ, ನೆಲ ಒಣಗಿದೆ, ನೀರು ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ಹೋಗುತ್ತೆ. ನಮ್ಮ ಕ್ಲಬ್ಬಲ್ಲಿ ಇಂಥದ್ದಿಲ್ಲ."

ಷಡ್ಡಕನ ಬಾಯಿಂದ ಬಂದ ಮೊದಲ ಮೆಚ್ಚುಗೆ. ಹಯವದನ ಕಾಫಿ ಲೋಟ ಮುಂದೆ ಚಾಚಿದ. ಶೋಭಾ ಅಕ್ಕನ ಕಡೆ ನೋಡಿ, ಆ ಬಿಳೀ ಕಟ್ಟಡ ಇವರದೇ, ಪೂರ್ತಿ ಇವರೊಬ್ಬರದೇ ಎಂದಳು.

ವಿಶ್ವೇಶ್ವರ ಆ ಕಟ್ಟಡವನ್ನು ಈಗಷ್ಟೇ ನೋಡುತ್ತಿದ್ದರು. ಒಮ್ಮೆ ಸಮುದ್ರದ ಕಡೆ ನೋಡಿದರು, ಒಮ್ಮೆ ಸೂರ್ಯನ ಕಡೆ. ಸ್ವೆಟರಿನ ಜೇಬಿನಿಂದ ದಿಕ್ಸೂಚಿ ತೆಗೆದು ಅಂಗೈ ಮೇಲಿಟ್ಟುಕೊಂಡು ಮುಳ್ಳು ನಿಲ್ಲುವ ತನಕ ಕಾದರು.

"ಈಶಾನ್ಯದಲ್ಲಿ ಟಾಯ್ಲೆಟ್ ಕಟ್ಟಿದೀರಾ ಅಳಿಯಂದಿರೇ?"

ಮತ್ತೆ ಜೇಬಿಗೆ ಹೋದ ಕೈ ಕೆಂಪು ಪೆನ್ಸಿಲ್ಲಿನೊಂದಿಗೆ ಹೊರಬಂತು. ಹಯವದನ ಬಾಯಿ ತೆರೆಯುವ ಮೊದಲೇ ಬ್ಯಾರಿ ಅವರ ಮುಂದೆ ಬಂದು, ನಕ್ಷೆಯನ್ನು ತನ್ನ ಬೆನ್ನ ಮೇಲೆ ಹರಡಿಕೊಂಡು, ಬರೆಯಲು ಅನುಕೂಲವಾಗುವಂತೆ ಬಗ್ಗಿ ನಿಂತ.